ಕರಡಿಯನ್ನು ಸೀಳಿದವನು, ನದಿಗೆ ಬಿದ್ದವನು: ಲಾಟ್ವಿಯಾದ ಲಾಚ್‌ಪ್ಲೇಸಿಸ್ ಯಾರು?

ನವೆಂಬರ್ 11ರ ಸಂಜೆ. ಲಾಟ್ವಿಯಾದ ರಾಜಧಾನಿ ರಿಗಾದಲ್ಲಿ ನಾಲ್ಕೂವರೆಗೆಲ್ಲ ಸೂರ್ಯ ಮುಳುಗಿರುತ್ತಾನೆ. ದೌಗವಾ ನದಿಯ ದಂಡೆಯಲ್ಲಿ ಹಳೇ ಕೋಟೆಯೊಂದಿದೆ. ಅದರ ಗೋಡೆಯ ಬುಡಕ್ಕೆ ಜನ ಒಬ್ಬೊಬ್ಬರಾಗಿ ಬಂದು ಮೇಣದ ದೀಪ ಇಟ್ಟು ಹೋಗುತ್ತಾರೆ. ಅಪ್ಪನ ಹೆಗಲ ಮೇಲೆ ಕೂತ ಮಕ್ಕಳು, ಕೋಲೂರಿಕೊಂಡ ಅಜ್ಜಿಯರು, ಕಾಲೇಜು ಹುಡುಗರು ಎಲ್ಲರೂ ಇರುತ್ತಾರೆ. ಎಲ್ಲರ ಕೋಟಿನ ಮೇಲೂ ಎದೆಯ ಹತ್ತಿರ ಕಡುಗೆಂಪು-ಬಿಳಿ-ಕಡುಗೆಂಪು ಬಣ್ಣದ ಒಂದು ಸಣ್ಣ ರಿಬ್ಬನ್. ರಾತ್ರಿಯಾಗುವ ಹೊತ್ತಿಗೆ ಆ ಗೋಡೆ ಉದ್ದಕ್ಕೂ ಸಾವಿರಾರು ದೀಪ.

ಆ ದಿನದ ಹೆಸರು ಲಾಚ್‌ಪ್ಲೇಸಿಸ್ ದಿನ. ದೀಪ ಹಚ್ಚೋದು ಯುದ್ಧದಲ್ಲಿ ನಿಜವಾಗಿ ಸತ್ತ ಸೈನಿಕರಿಗೆ. ದಿನಕ್ಕೆ ಇಟ್ಟಿರುವ ಹೆಸರು ಮಾತ್ರ ಎಂದೂ ಹುಟ್ಟದೇ ಇದ್ದವನದು. ಅವನೊಬ್ಬ ಕಾವ್ಯದ ನಾಯಕ. ಅವನಿಗೆ ಕರಡಿಯ ಕಿವಿ ಬೇರೆ!

ಈಚೆಗೆ ನಮ್ಮ ದೇಶದಿಂದ ರಿಗಾಕ್ಕೆ ಓದಲು ಹೋಗುವವರು ಜಾಸ್ತಿಯಾಗಿದ್ದಾರೆ. ಹೋದವರಿಗೆ ಈ ಹೆಸರು ಎಲ್ಲೆಲ್ಲೂ ಕಾಣುತ್ತದೆ. ಊರ ನಡುವಿನ ಒಂದು ಬೀದಿಗೆ ಅವನ ಹೆಸರು. ಸ್ವಾತಂತ್ರ್ಯ ಸ್ಮಾರಕದಲ್ಲಿ ಅವನ ಶಿಲ್ಪ. ಬಿಯರ್ ಬಾಟಲಿಯ ಮೇಲೂ ಅವನೇ. ಯಾರಪ್ಪಾ ಇವನು ಅನ್ನುವವರಿಗೆ ಈ ಬರಹ.

ಮೊದಲು ಹೆಸರು, ಆಮೇಲೆ ಊರು

ಲಾಟ್ವಿಯನ್ ಭಾಷೆಯಲ್ಲಿ ‘ಲಾತ್ಸಿಸ್’ ಅಂದರೆ ಕರಡಿ. ‘ಪ್ಲೇಸ್ತ್’ ಅಂದರೆ ಸೀಳುವುದು. ಎರಡೂ ಸೇರಿ ಲಾಚ್‌ಪ್ಲೇಸಿಸ್, ಅಂದರೆ ಕರಡಿಯನ್ನು ಸೀಳಿದವನು. ಇದು ಹುಟ್ಟಿದಾಗ ಇಟ್ಟ ಹೆಸರಲ್ಲ. ಮಾಡಿದ ಕೆಲಸದಿಂದ ಬಂದದ್ದು.

ಲಾಟ್ವಿಯಾ ಇರುವುದು ಬಾಲ್ಟಿಕ್ ಸಮುದ್ರದ ಪೂರ್ವ ದಂಡೆಯಲ್ಲಿ. ಮೇಲೆ ಎಸ್ಟೋನಿಯಾ, ಕೆಳಗೆ ಲಿಥುವೇನಿಯಾ, ಪೂರ್ವಕ್ಕೆ ರಷ್ಯಾ ಮತ್ತು ಬೆಲಾರುಸ್. ವಿಸ್ತಾರದಲ್ಲಿ ಕರ್ನಾಟಕದ ಮೂರನೇ ಒಂದು ಪಾಲು. ಜನಸಂಖ್ಯೆ 20 ಲಕ್ಷಕ್ಕೂ ಕಡಿಮೆ. ರಷ್ಯಾದಲ್ಲಿ ಹುಟ್ಟಿ, ಬೆಲಾರುಸ್ ದಾಟಿ ಬರುವ ದೌಗವಾ ನದಿ ದೇಶದ ನಡುವೆ ಹರಿದು ರಿಗಾ ಹತ್ತಿರ ಸಮುದ್ರ ಸೇರುತ್ತದೆ. ನಮಗೆ ಕಾವೇರಿ ಹೇಗೋ ಅವರಿಗೆ ದೌಗವಾ ಹಾಗೆ. ಈ ನದಿಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಕಥೆ ಎಲ್ಲಿಗೆ ಹೋದರೂ ಕೊನೆಗೆ ಇದರ ದಡಕ್ಕೇ ಬರುತ್ತದೆ.

ಭಾಷೆಯ ಬಗ್ಗೆ ಒಂದು ಮಾತು. ಲಾಟ್ವಿಯನ್‌ಗೂ ಕನ್ನಡಕ್ಕೂ ನಂಟಿಲ್ಲ. ಸಂಸ್ಕೃತಕ್ಕೂ ಅದಕ್ಕೂ ಮಾತ್ರ ದೂರದ ನೆಂಟಸ್ತಿಕೆ ಇದೆ, ಎರಡೂ ಇಂಡೋ-ಯುರೋಪಿಯನ್ ಕುಟುಂಬದವು. ಹಾಗಾಗಿ ಸಂಸ್ಕೃತದಿಂದ ನಮಗೆ ಬಂದ ಕೆಲವು ಮಾತುಗಳ ಅಣ್ಣತಮ್ಮಂದಿರು ಅಲ್ಲಿ ಸಿಗುತ್ತಾರೆ. ದೇವರಿಗೆ ಅವರು ‘ದಿಯೆವ್ಸ್’ ಅನ್ನುತ್ತಾರೆ, ನಮ್ಮ ದೇವ. ಹೊಗೆಗೆ ‘ದೂಮಿ’, ನಮ್ಮ ಧೂಮ. ಬೆಂಕಿಗೆ ‘ಉಗುನ್ಸ್’, ನಮ್ಮ ಅಗ್ನಿ. ಈ ಉಗುನ್ಸ್ ಮುಂದೆ ಇನ್ನೊಂದು ಸಲ ಬರುತ್ತದೆ.

ಸಣ್ಣ ಹಾಡು ಲಕ್ಷಾಂತರ, ದೊಡ್ಡ ಕಾವ್ಯ ಒಂದೂ ಇಲ್ಲ

ಲಾಚ್‌ಪ್ಲೇಸಿಸ್ ಕಾವ್ಯ ಅಚ್ಚಾಗಿದ್ದು 1888ರಲ್ಲಿ. ಮಹಾಕಾವ್ಯ ಅಂದಕೂಡಲೇ ಸಾವಿರ ವರ್ಷ ಹಳೆಯದು ಅಂತ ನಮಗೆ ಅನಿಸುತ್ತದೆ, ಅಲ್ವಾ? ಇದು ಹಾಗಲ್ಲ. ರೈಲು, ತಂತಿ ಎಲ್ಲ ಬಂದಮೇಲೆ ಬರೆದದ್ದು. ಯಾಕೆ ಬರೆಯಬೇಕಾಯಿತು ಅನ್ನುವುದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

12ನೇ ಶತಮಾನದ ಕೊನೆಗೆ ಜರ್ಮನ್ ಪಾದ್ರಿಗಳು, ಅವರ ಹಿಂದೆಯೇ ಕತ್ತಿ ಹಿಡಿದ ಸವಾರರು ಈ ನಾಡಿಗೆ ಬಂದರು. ಇಲ್ಲಿನ ಜನ ಆಗ ಗುಡುಗು, ಸೂರ್ಯ, ಕಾಡು, ನದಿಯನ್ನು ಪೂಜಿಸುತ್ತಿದ್ದರು. ಅವರನ್ನು ಕ್ರೈಸ್ತರನ್ನಾಗಿ ಮಾಡುವ ಹೆಸರಿನಲ್ಲಿ ಯುದ್ಧ ನಡೆದು, ನೆಲ ಜರ್ಮನ್ ಒಡೆಯರ ಕೈಗೆ ಹೋಯಿತು. ಆಮೇಲೆ ಪೋಲೆಂಡ್ ಬಂತು, ಸ್ವೀಡನ್ ಬಂತು, 18ನೇ ಶತಮಾನದಲ್ಲಿ ರಷ್ಯಾದ ಚಕ್ರವರ್ತಿ ಬಂದ. ಮೇಲೆ ಯಾರೇ ಕೂತರೂ ಹಳ್ಳಿಯಲ್ಲಿ ಒಡೆಯ ಮಾತ್ರ ಜರ್ಮನ್‌ನವನೇ. ಲಾಟ್ವಿಯನ್ ರೈತ ಆ ಒಡೆಯನ ಜಮೀನಿಗೆ ಕಟ್ಟಿಹಾಕಿದ ಆಳು. ಒಡೆಯ ಬಿಡದೆ ಊರು ಬಿಟ್ಟು ಹೋಗುವ ಹಾಗಿರಲಿಲ್ಲ. ಈ ಪದ್ಧತಿ ಹೆಚ್ಚಿನ ಕಡೆ 1817 ಮತ್ತು 1819ರಲ್ಲಿ ಹೋಯಿತು, ಪೂರ್ವದ ಲತ್‌ಗಾಲೆ ಸೀಮೆಯಲ್ಲಿ 1861ರಲ್ಲಿ. ಜೀತ ಹೋಯಿತು, ಜಮೀನು ಸಿಗಲಿಲ್ಲ.

ಭಾಷೆಯ ಪಾಡೂ ಅಷ್ಟೇ. ಹೊಲದಲ್ಲಿ, ಅಡುಗೆಮನೆಯಲ್ಲಿ ಲಾಟ್ವಿಯನ್. ಕಚೇರಿಯಲ್ಲಿ, ದೊಡ್ಡ ಶಾಲೆಯಲ್ಲಿ ಜರ್ಮನ್. ನಾಲ್ಕಕ್ಷರ ಕಲಿತ ಹುಡುಗ ಪಟ್ಟಣ ಸೇರಿ ಜರ್ಮನ್ ಮಾತಾಡಿ ಜರ್ಮನ್‌ನವನೇ ಆಗಿಬಿಡುತ್ತಿದ್ದ. ಓದಿಯೂ ಲಾಟ್ವಿಯನ್ ಆಗಿಯೇ ಉಳಿಯಬಹುದು ಅಂತ 1850ರ ದಶಕದಿಂದ ಕೆಲವು ಯುವಕರು ಹೇಳತೊಡಗಿದರು. ಇವರನ್ನು ‘ಯುವ ಲಾಟ್ವಿಯನ್ನರು’ ಅಂತ ಕರೆಯುತ್ತಾರೆ. ಪತ್ರಿಕೆ ಮಾಡಿದರು, ಸಂಘ ಕಟ್ಟಿದರು. 1873ರಲ್ಲಿ ರಿಗಾದಲ್ಲಿ ಮೊದಲ ಹಾಡು ಹಬ್ಬ ನಡೆಯಿತು. ಆ ಹಬ್ಬ ಇವತ್ತಿಗೂ ನಡೆಯುತ್ತದೆ.

ಅಕ್ಕಪಕ್ಕದವರು ಆಗಲೇ ಒಂದು ಹೆಜ್ಜೆ ಮುಂದಿದ್ದರು. ಫಿನ್ಲೆಂಡಿನವರಿಗೆ 1835ರಲ್ಲಿ ‘ಕಲೆವಲಾ’ ಬಂದಿತ್ತು. ಎಸ್ಟೋನಿಯಾದವರಿಗೆ 1857ರಿಂದ 1861ರೊಳಗೆ ‘ಕಲೆವಿಪೋಯೆಗ್’ ಬಂತು. ಎರಡೂ ಜನಪದ ಹಾಡು-ಕಥೆಗಳನ್ನು ಕೂಡಿಸಿ ಒಂದೇ ದೊಡ್ಡ ಕಾವ್ಯವಾಗಿ ಹೊಸೆದವು. ನಮಗೂ ಒಂದು ಹಳೇ ಕಥೆಯಿದೆ, ನಮ್ಮ ಭಾಷೆಯಲ್ಲೂ ದೊಡ್ಡ ಕಾವ್ಯ ನಿಲ್ಲುತ್ತದೆ ಅಂತ ತೋರಿಸುವ ಇಂಥ ಪುಸ್ತಕಕ್ಕೆ ರಾಷ್ಟ್ರೀಯ ಮಹಾಕಾವ್ಯ ಅನ್ನುತ್ತಾರೆ. ದೇಶ ಇಲ್ಲದಿದ್ದಾಗ ಅದೇ ಒಂಥರಾ ಗುರುತಿನ ಚೀಟಿ.

ಲಾಟ್ವಿಯನ್ನರಿಗೆ ಇಲ್ಲೊಂದು ತೊಡಕು. ಅವರ ಜನಪದದಲ್ಲಿ ಉದ್ದದ ಕಥೆ ಹಾಡುವ ರೂಢಿ ಇರಲಿಲ್ಲ. ನಮ್ಮ ಮಲೆ ಮಹದೇಶ್ವರ ಕಾವ್ಯವನ್ನು ಕಂಸಾಳೆಯವರು ರಾತ್ರಿಯಿಡೀ ಹಾಡುತ್ತಾರಲ್ಲ, ಅಂಥದ್ದು ಅಲ್ಲಿ ಇಲ್ಲ. ಇದ್ದದ್ದು ‘ದೈನಾ’ ಎನ್ನುವ ಪುಟ್ಟ ಹಾಡುಗಳು. ಹೆಚ್ಚಿನವು ನಾಲ್ಕೇ ಸಾಲು. ಬೀಸುವಾಗ ಹೇಳುವ ನಮ್ಮ ತ್ರಿಪದಿಯ ಥರ ಅಂದುಕೊಳ್ಳಿ. ಕ್ರಿಶ್‌ಯಾನಿಸ್ ಬರೋನ್ಸ್ ಎಂಬವರು ಇವನ್ನು ಚೀಟಿಗಳಲ್ಲಿ ಬರೆದು, ಅದಕ್ಕೆಂದೇ ಮಾಡಿಸಿದ ಬೀರುವಿನ ಸಣ್ಣ ಸಣ್ಣ ಖಾನೆಗಳಲ್ಲಿ ಜೋಡಿಸಿಟ್ಟರು. 1894ರಿಂದ 1915ರೊಳಗೆ ಅಚ್ಚಾದ ಅವರ ಸಂಗ್ರಹದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹಾಡುಗಳಿವೆ. ಮಣಿ ಬೇಕಾದಷ್ಟಿತ್ತು. ಪೋಣಿಸಿದ ಸರ ಇರಲಿಲ್ಲ.

ಪೋಣಿಸಲು ಕೂತವರು ಆಂಡ್ರೇಯ್ಸ್ ಪುಂಪುರ್ಸ್. 1841ರಲ್ಲಿ ದೌಗವಾ ಸೀಮೆಯ ಬಡ ರೈತಾಪಿ ಮನೆಯಲ್ಲಿ ಹುಟ್ಟಿದವರು. ಕಾಲೇಜು ಮೆಟ್ಟಿಲು ಹತ್ತಿದವರಲ್ಲ. ಜಮೀನು ಅಳೆಯುವವರಿಗೆ ಸಹಾಯಕರಾಗಿ ದುಡಿದರು. 1876ರಲ್ಲಿ ತುರ್ಕರ ವಿರುದ್ಧ ಸರ್ಬಿಯಾದ ಪರ ಕಾದಾಡಲು ಸ್ವಂತ ಇಚ್ಛೆಯಿಂದ ಹೊರಟರು. ಆಮೇಲೆ ರಷ್ಯಾದ ಸೈನ್ಯದಲ್ಲಿ ಅಧಿಕಾರಿಯಾದರು. ಇದರ ನಡುನಡುವೆಯೇ ಸುಮಾರು 15 ವರ್ಷ ಈ ಕಾವ್ಯವನ್ನು ಕಟ್ಟಿದರು. ಊರೂರಿನ ಕಥೆ, ಐತಿಹ್ಯ, ದೈನಾಗಳ ದೇವರುಗಳು, ಇವಕ್ಕೆ ತಮ್ಮ ಕಲ್ಪನೆಯನ್ನೂ ಧಾರಾಳವಾಗಿ ಬೆರೆಸಿದರು. ಹಾಗಾಗಿ ಇದನ್ನು ಶುದ್ಧ ಜನಪದ ಕಾವ್ಯ ಅನ್ನುವ ಹಾಗಿಲ್ಲ. ಒಬ್ಬ ಕವಿ ಜನಪದದ ನೂಲಿನಿಂದ ನೇಯ್ದ ಹೊಸ ಸೀರೆ ಇದು.

ಕಥೆ ಏನು?

ಆರು ಭಾಗದ ಕಾವ್ಯ. ಶುರುವಾಗುವುದು ಆಕಾಶದಲ್ಲಿ, ಗುಡುಗಿನ ದೇವರು ಪೇರ್‌ಕೊನ್ಸ್‌ನ ಅರಮನೆಯಲ್ಲಿ ದೇವರುಗಳು ಸಭೆ ಸೇರಿದ್ದಾರೆ. ನಾಡಿಗೆ ಕಷ್ಟಕಾಲ ಬರಲಿದೆ, ಜನರನ್ನು ಕಾಯಲು ಒಬ್ಬ ಬೇಕು. ಆ ಒಬ್ಬ ದೌಗವಾ ದಡದ ಲಿಯೆಲ್‌ವಾರ್ದೆ ಕೋಟೆಯಲ್ಲಿ ಬೆಳೆಯುತ್ತಿದ್ದಾನೆ.

ಅವನನ್ನು ಕೋಟೆಯ ಒಡೆಯನಿಗೆ ತಂದುಕೊಟ್ಟವನು ಒಬ್ಬ ಮುದುಕ ಜ್ಞಾನಿ. ಕಾಡಿನಲ್ಲಿ ಹೆಣ್ಣು ಕರಡಿಯ ಮೊಲೆಹಾಲು ಕುಡಿಯುತ್ತಿದ್ದ ಮಗು ಅದು. ಹುಡುಗ ಹದಿನೆಂಟರ ವಯಸ್ಸಿಗೆ ಬಂದಾಗ ಒಂದು ದಿನ ಅಪ್ಪನ ಜೊತೆ ಕಾಡಿನಲ್ಲಿ ಅಡ್ಡಾಡುತ್ತಿದ್ದ. ಕರಡಿಯೊಂದು ಅಪ್ಪನ ಮೇಲೆ ಎಗರಿತು. ಹುಡುಗ ಎರಡೂ ಕೈಯಿಂದ ಅದರ ದವಡೆ ಹಿಡಿದು, ಸುಮ್ನೆ ಆಡಿನ ಮರಿಯನ್ನು ಸೀಳಿದ ಹಾಗೆ ಸೀಳಿ ಹಾಕಿದ. ಹೆಸರು ಬಂದದ್ದು ಅವತ್ತು. ಇವನು ಸಾಮಾನ್ಯದವನಲ್ಲ ಅಂತ ಅಪ್ಪನಿಗೆ ಗೊತ್ತಾಯಿತು. ಬಲ ಇದ್ದರೆ ಸಾಲದು, ಬುದ್ಧಿಯೂ ಬೇಕು ಎಂದು ಬುರ್ತ್‌ನಿಯೆಕ್ಸ್ ಎಂಬ ಪಂಡಿತನ ಕೋಟೆಗೆ ಓದಲು ಕಳಿಸಿದ.

ದಾರಿಯಲ್ಲಿ ಐಜ್‌ಕ್ರಾವ್‌ಕ್ಲೆ ಕೋಟೆಯಲ್ಲಿ ತಂಗಿದ. ಅಲ್ಲಿನ ಒಡೆಯನ ಮಗಳು ಸ್ಪೀದಲಾ. ಚೆಲುವೆ, ಮಾಟಗಾತಿ. ರಾತ್ರಿ ಅವಳು ಒಂದು ಪೊಳ್ಳು ಮರದ ದಿಮ್ಮಿಯ ಮೇಲೆ ಕೂತು ಹಾರಿಹೋಗುತ್ತಾಳೆ ಅಂತ ಇವನಿಗೆ ಗೊತ್ತಾಗುತ್ತದೆ. ಎಲ್ಲಿಗೆ ಹೋಗುತ್ತಾಳೋ ನೋಡೇಬಿಡೋಣ ಅಂತ ದಿಮ್ಮಿಯ ಪೊಳ್ಳಿನೊಳಗೇ ಅಡಗಿ ಕೂರುತ್ತಾನೆ. ಅದು ಹೋಗಿ ಇಳಿಯುವುದು ಸೈತಾನನ ಗುಂಡಿಯಲ್ಲಿ. ಅಲ್ಲಿ ಕಂಗರ್ಸ್ ಎನ್ನುವವನೂ ಇದ್ದಾನೆ. ಹೊರಗೆ ಸಾಧು, ಒಳಗೆ ಜನರನ್ನು ಪರದೇಶದವರಿಗೆ ಮಾರಲು ಸೈತಾನನ ಜೊತೆ ಒಪ್ಪಂದ ಮಾಡಿಕೊಂಡವನು. ನಮ್ಮಲ್ಲಿ ಮೋಸಗಾರನನ್ನು ಮೀರ್ ಸಾದಿಕ್ ಅಂತ ಬೈಯುತ್ತಾರಲ್ಲ, ಲಾಟ್ವಿಯನ್‌ನಲ್ಲಿ ಕಂಗರ್ಸ್ ಅನ್ನುವುದು ಅಂಥದ್ದೇ ಬೈಗುಳ.

ವಾಪಸ್ ಬರುವಾಗ ಗುಟ್ಟು ಬಯಲಾಗುತ್ತದೆ. ಸ್ಪೀದಲಾ ದಿಮ್ಮಿಯ ಸಮೇತ ಇವನನ್ನು ದೌಗವಾ ನದಿಯ ಸುಳಿಗೆ ಎಸೆದುಬಿಡುತ್ತಾಳೆ. ಆ ಸುಳಿ ಇರುವುದು ಸ್ತಾಬುರಾಗ್ಸ್ ಎನ್ನುವ ಬಂಡೆಯ ಕೆಳಗೆ. ಬಂಡೆಯ ದೇವತೆ ಸ್ತಾಬುರಾದ್ಜೆ ಅವನನ್ನು ತನ್ನ ಹರಳಿನ ಅರಮನೆಗೆ ಎತ್ತಿಕೊಂಡು ಹೋಗಿ ಉಳಿಸುತ್ತಾಳೆ. ಲೈಮ್‌ದೊತಾ ಎಂಬ ಹುಡುಗಿಯನ್ನು ಇವನು ನೋಡಿ ಮನಸೋಲುವುದು ಅಲ್ಲಿಯೇ. ಅವಳು ಬುರ್ತ್‌ನಿಯೆಕ್ಸ್‌ನ ಮಗಳು.

ಮುಂದಿನದನ್ನು ಸ್ವಲ್ಪ ಓಡಿಸುತ್ತೇನೆ. ಕೊಕ್‌ನೆಸಿಸ್ ಎಂಬ ಗಟ್ಟಿಗ ಗೆಳೆಯನಾಗುತ್ತಾನೆ. ಎಸ್ಟೋನಿಯಾದ ದೈತ್ಯ ಕಲಪುಯ್ಸಿಸ್ ಜೊತೆ ಕುಸ್ತಿಯಾಗುತ್ತದೆ, ಯಾರೂ ಸೋಲುವುದಿಲ್ಲ, ಇಬ್ಬರೂ ಒಂದಾಗುತ್ತಾರೆ. ನೀರಲ್ಲಿ ಮುಳುಗಿದ್ದ ಒಂದು ಹಳೇ ಕೋಟೆಯಲ್ಲಿ ಲಾಚ್‌ಪ್ಲೇಸಿಸ್ ಒಂದು ರಾತ್ರಿ ಕಳೆದು ಶಾಪ ಬಿಡಿಸುತ್ತಾನೆ. ಕೋಟೆ ಮೇಲೆದ್ದು ಬರುತ್ತದೆ. ಅದರೊಳಗಿದ್ದ ಹಳೇ ಗ್ರಂಥಗಳನ್ನು ಲೈಮ್‌ದೊತಾ ಓದಿ ಹೇಳುತ್ತಾಳೆ. ಲೈಮ್‌ದೊತಾ, ಕೊಕ್‌ನೆಸಿಸ್ ಇಬ್ಬರನ್ನೂ ಅಪಹರಿಸಿ ಜರ್ಮನಿಗೆ ಒಯ್ಯುತ್ತಾರೆ. ಇವನು ಉತ್ತರದ ಹೆಪ್ಪುಗಟ್ಟಿದ ಕಡಲಿನಲ್ಲಿ ಅಲೆಯುತ್ತಾನೆ, ಮಾಯಾದ್ವೀಪದಲ್ಲಿ ಮೂರು, ಆರು, ಒಂಬತ್ತು ತಲೆಯ ರಾಕ್ಷಸರನ್ನು ಕೊಲ್ಲುತ್ತಾನೆ. ಅಲ್ಲೇ ಸಿಗುವ ಸ್ಪೀದಲಾಳನ್ನು ಸೈತಾನನ ಒಪ್ಪಂದದಿಂದ ಬಿಡಿಸುತ್ತಾನೆ. ನಾಲ್ವರೂ ಊರಿಗೆ ಮರಳುತ್ತಾರೆ. ಬೇಸಿಗೆಯ ನಡುಹಬ್ಬದಂದು ಎರಡು ಮದುವೆ: ಲಾಚ್‌ಪ್ಲೇಸಿಸ್‌ಗೆ ಲೈಮ್‌ದೊತಾ, ಕೊಕ್‌ನೆಸಿಸ್‌ಗೆ ಸ್ಪೀದಲಾ.

ಇಲ್ಲಿಗೇ ಮುಗಿದಿದ್ದರೆ ಚಂದಮಾಮ ಕಥೆಯಾಗುತ್ತಿತ್ತು. ಲಾಚ್‌ಪ್ಲೇಸಿಸ್ ಜೊತೆಗಿನ ಯುದ್ಧದಲ್ಲಿ ಸೋತ ಜರ್ಮನ್ನರು ಕಂಗರ್ಸ್‌ನ ಸಹಾಯ ಕೇಳುತ್ತಾರೆ. ಲಾಚ್‌ಪ್ಲೇಸಿಸ್‌ನ ಬಲದ ಗುಟ್ಟನ್ನು ಕಂಗರ್ಸ್ ಪತ್ತೆಹಚ್ಚುತ್ತಾನೆ: ಇವನ ತಾಯಿಯೇ ಕರಡಿ, ಬಲ ಇರುವುದು ಕಿವಿಯಲ್ಲಿ. ಸಂಧಿಯ ನೆಪದಲ್ಲಿ ಸವಾರರು ಲಿಯೆಲ್‌ವಾರ್ದೆಗೆ ಬರುತ್ತಾರೆ. ಮನೆಗೆ ಬಂದವರಿಗೆಂದು ಇವನು ಪಂದ್ಯ ಇಡುತ್ತಾನೆ. ಬಂದವರಲ್ಲಿ ಒಬ್ಬ ಕಪ್ಪು ಸವಾರ. ಕೆಣಕಿ ಕೆಣಕಿ ಇವನನ್ನು ಕಣಕ್ಕೆ ಎಳೆಯುತ್ತಾನೆ. ಕತ್ತಿ ಬೀಸಿ ಒಂದು ಕಿವಿ ತೆಗೆಯುತ್ತಾನೆ. ಆಮೇಲೆ ಇನ್ನೊಂದು. ಬಲ ಸೋರಿಹೋಗುತ್ತಿದ್ದರೂ ಲಾಚ್‌ಪ್ಲೇಸಿಸ್ ಅವನನ್ನು ಬಿಡುವುದಿಲ್ಲ. ತೆಕ್ಕೆಗೆ ಬಿದ್ದು ಹೊರಳುತ್ತಾ ಇಬ್ಬರೂ ಕಡಿದಾದ ದಡದ ಅಂಚಿಗೆ ಬಂದು, ದೌಗವಾಕ್ಕೆ ಉರುಳುತ್ತಾರೆ. ಮೇಲೆ ಕೋಟೆಯಲ್ಲಿ ಲೈಮ್‌ದೊತಾಳ ಪ್ರಾಣವೂ ಹೋಗುತ್ತದೆ.

ಅಷ್ಟಾದರೂ ಕವಿ ಅವನನ್ನು ಸಾಯಿಸುವುದಿಲ್ಲ. ಇವತ್ತಿಗೂ ನಡುರಾತ್ರಿ ದೋಣಿಯವರು ಅಲ್ಲಿ ಹೋಗುವಾಗ ದಡದ ಅಂಚಿನಲ್ಲಿ ಇಬ್ಬರು ಗುದ್ದಾಡುವುದು ಕಾಣುತ್ತದಂತೆ. ಗುದ್ದಾಡುತ್ತಾ ಇಬ್ಬರೂ ನೀರಿಗೆ ಬೀಳುತ್ತಾರಂತೆ. ಒಂದಲ್ಲ ಒಂದು ದಿನ ಲಾಚ್‌ಪ್ಲೇಸಿಸ್ ಶತ್ರುವನ್ನು ಒಬ್ಬನನ್ನೇ ಕೆಳಗೆ ನೂಕುತ್ತಾನೆ, ಅವತ್ತು ಜನಕ್ಕೆ ಬಿಡುಗಡೆ. ಕಾವ್ಯ ನಿಲ್ಲುವುದು ಇಲ್ಲಿ. ಗೆದ್ದನೂ ಇಲ್ಲ, ಸೋತನೂ ಇಲ್ಲ. ನನ್ನ ಲೆಕ್ಕದಲ್ಲಿ ಪುಂಪುರ್ಸ್ ಮಾಡಿದ ಅತಿ ಜಾಣತನದ ಕೆಲಸ ಇದೇ. ಮುಂದೆ ಬಂದ ಪ್ರತಿ ತಲೆಮಾರಿಗೂ ಈ ಜಗಳ ಇನ್ನೂ ನಡೆಯುತ್ತಿದೆ ಎನ್ನಲು ಜಾಗ ಸಿಕ್ಕಿತು.

ಕಿವಿಯಲ್ಲಿ ಬಲವೇ?

ನಗು ಬರಬಹುದು. ಆದರೆ ಕರ್ಣನನ್ನು ನೆನೆಸಿಕೊಳ್ಳಿ. ಅವನ ರಕ್ಷೆ ಇದ್ದದ್ದು ಕವಚದಲ್ಲಿ ಮತ್ತು ಕಿವಿಯ ಕುಂಡಲದಲ್ಲಿ. ಅದನ್ನು ಪಡೆಯಲು ಇಂದ್ರ ಬ್ರಾಹ್ಮಣನ ವೇಷದಲ್ಲಿ ಬಂದ. ಇಲ್ಲಿ ಸಂಧಿಯ ವೇಷ. ಸೋಲಿಸಲಾಗದ ವೀರನ ಮೈಮೇಲೆ ಒಂದು ಗುಟ್ಟಿನ ಜಾಗ ಇರುವುದು, ಮೋಸದಿಂದ ಅದು ಹೊರಬೀಳುವುದು ಎಲ್ಲ ದೇಶದ ಕಥೆಗಳಲ್ಲೂ ಇದೆ.

ಕರಡಿಗೆ ಹುಟ್ಟಿದ ಗಟ್ಟಿಗನೂ ಲಾಟ್ವಿಯಾದವರ ಸ್ವಂತ ಆಸ್ತಿಯಲ್ಲ. ರಷ್ಯಾದ ಜನಪದ ಕಥೆಗಳಲ್ಲಿ ಅವನಿದ್ದಾನೆ, ಫ್ರಾನ್ಸಿನಲ್ಲಿ ‘ಕರಡಿಯ ಜಾನ್’ ಆಗಿದ್ದಾನೆ. ಪುಂಪುರ್ಸ್ ಮಾಡಿದ್ದು ಇಷ್ಟು: ಅಜ್ಜಿಕಥೆಯ ಈ ಗಟ್ಟಿಗನನ್ನು ಎತ್ತಿ ತಂದು ಒಂದು ನಿಜವಾದ ನದಿಯ ದಡದಲ್ಲಿ, ನಿಜವಾದ ಊರುಗಳ ನಡುವೆ, ನಿಜವಾದ ಒಂದು ಯುದ್ಧದೊಳಗೆ ನಿಲ್ಲಿಸಿದರು.

ಆ ಯುದ್ಧದ ಕೆಲವು ಹೆಸರು ಇತಿಹಾಸದವೇ. 1201ರಲ್ಲಿ ರಿಗಾವನ್ನು ಕಟ್ಟಿಸಿದ ಬಿಷಪ್ ಆಲ್ಬರ್ಟ್ ಕಾವ್ಯದಲ್ಲಿ ಬರುತ್ತಾನೆ. ಕ್ರೈಸ್ತನಾಗಿ ರೋಮಿಗೆ ಹೋಗಿ ಪೋಪ್‌ರನ್ನು ಕಂಡು ಬಂದ ಸ್ಥಳೀಯ ಮುಖಂಡ ಕೌಪೊ ಕೂಡ ಇದ್ದವನೇ. ನಿಜವಾದ ಕೌಪೊ 1217ರಲ್ಲಿ ಕ್ರೈಸ್ತರ ಕಡೆ ನಿಂತು ಹೋರಾಡಿ ಸತ್ತ. ಲಿಯೆಲ್‌ವಾರ್ದೆ, ಐಜ್‌ಕ್ರಾವ್‌ಕ್ಲೆ ಊರುಗಳು ಈಗಲೂ ಇವೆ. ಲಾಚ್‌ಪ್ಲೇಸಿಸ್, ಸ್ಪೀದಲಾ, ಕಪ್ಪು ಸವಾರ ಮಾತ್ರ ಕಲ್ಪನೆಯವರು.

1919: ಪುಸ್ತಕದಿಂದ ಹೊರಬಂದ ವೀರ

ಲಾಟ್ವಿಯಾ ಸ್ವತಂತ್ರ ಅಂತ ಸಾರಿದ್ದು 1918ರ ನವೆಂಬರ್ 18ರಂದು. ಸಾರಿದ್ದೇನೋ ಸಾರಿದರು, ಕೈಯಲ್ಲಿ ನೆಲ ಇರಲಿಲ್ಲ. ಒಂದು ಕಡೆ ಬೋಲ್ಶೆವಿಕರು, ಇನ್ನೊಂದು ಕಡೆ ಯುದ್ಧ ಮುಗಿದರೂ ಹೋಗದ ಜರ್ಮನ್ ಪಡೆಗಳು. 1919ರ ಅಕ್ಟೋಬರ್‌ನಲ್ಲಿ ಬೆರ್ಮೊಂಟ್ ಎಂಬ ಸೇನಾನಿ ರಿಗಾದ ಮೇಲೆ ಬಿದ್ದ. ಅವನ ಸೈನ್ಯದ ಹೆಸರು ರಷ್ಯಾದ್ದು, ಒಳಗಿದ್ದವರಲ್ಲಿ ಹೆಚ್ಚಿನವರು ಜರ್ಮನ್ನರು. ದೌಗವಾದ ಎಡದಡ ಅವನ ಕೈಸೇರಿತು. ಬಲದಡದಲ್ಲಿ, ಹಳೇ ಊರಿನಲ್ಲಿ, ಲಾಟ್ವಿಯಾದ ಹೊಸ ಸೈನ್ಯ. ನಡುವೆ ನದಿ, ನದಿಯ ಮೇಲೆ ಸೇತುವೆಗಳು.

ಕಾವ್ಯದ ಕೊನೆಯ ಪುಟ ನೆನಪಾಗುತ್ತದೆ ಅಲ್ವಾ? ಅಲ್ಲಿದ್ದ ಹುಡುಗರಿಗೂ ನೆನಪಾಗಿರದೆ ಇದ್ದೀತೇ. ಶಾಲೆ ಬಿಟ್ಟು ಬಂದ ವಿದ್ಯಾರ್ಥಿಗಳೂ ಆ ಸೈನ್ಯದಲ್ಲಿದ್ದರು. ಮಿತ್ರರಾಷ್ಟ್ರಗಳ ಹಡಗುಗಳು ಸಮುದ್ರದ ಕಡೆಯಿಂದ ಫಿರಂಗಿ ಹೊಡೆದು ನೆರವಾದವು. ನವೆಂಬರ್ 11ರಂದು ಎಡದಡದಿಂದ ಶತ್ರುವನ್ನು ಓಡಿಸಿದರು.

ಮರುವರ್ಷ, 1920ರಲ್ಲಿ, ದೇಶದ ಅತಿ ದೊಡ್ಡ ಯುದ್ಧಗೌರವಕ್ಕೆ ಲಾಚ್‌ಪ್ಲೇಸಿಸ್ ಪದಕ ಅಂತ ಹೆಸರಾಯಿತು. ಅದನ್ನು ಪಡೆದವರಲ್ಲಿ ಮೂವರು ಮಹಿಳೆಯರೂ ಇದ್ದಾರೆ. ಪದಕದ ನಡುವೆ ಕರಡಿಯ ಜೊತೆ ಸೆಣಸುವ ವೀರ. ಪದಕದ ಆಕಾರ ನೋಡಿದರೆ ನಮಗೆ ತಟ್ಟನೆ ಗುರುತು ಸಿಗುತ್ತದೆ. ಅದು ಸ್ವಸ್ತಿಕ. ಲಾಟ್ವಿಯಾದ ಹಳ್ಳಿ ಹೆಂಗಸರು ಕೈಗವಸು, ನಡುಪಟ್ಟಿಗಳ ಮೇಲೆ ನೇಯುತ್ತಿದ್ದ ಹಳೇ ಗುರುತು ಅದು, ‘ಬೆಂಕಿ ಶಿಲುಬೆ’ ಅಂತ ಕರೆಯುತ್ತಾರೆ. ಹಿಟ್ಲರ್‌ನ ಆಳ್ವಿಕೆಗೂ ಮೊದಲಿನ ಪದಕ ಇದು. ಅಲ್ಲಿಯ ಮ್ಯೂಸಿಯಂಗಳಲ್ಲಿ ಇದನ್ನು ನೋಡಿ ಗಾಬರಿಯಾಗಬೇಕಿಲ್ಲ.

1935ರಲ್ಲಿ ರಿಗಾದ ನಡುವೆ ಸ್ವಾತಂತ್ರ್ಯ ಸ್ಮಾರಕ ಎದ್ದಿತು. ಎತ್ತರ 42 ಮೀಟರ್. ಜನರೇ ಚಂದಾ ಎತ್ತಿ ಕಟ್ಟಿಸಿದ್ದು. ಶಿಲ್ಪಿ ಕಾರ್ಲಿಸ್ ಜಾಲೆ. ತುದಿಯಲ್ಲಿ ಮೂರು ನಕ್ಷತ್ರ ಎತ್ತಿಹಿಡಿದ ಹೆಣ್ಣು, ಕೆಳಗಿನ ಶಿಲ್ಪಗಳ ನಡುವೆ ನಮ್ಮ ಕರಡಿ ಸೀಳುವವನು.

ಮಾಟಗಾತಿಗೆ ಸಿಕ್ಕ ನ್ಯಾಯ

ಈ ನಡುವೆ ಕಥೆಯನ್ನು ಇನ್ನೊಬ್ಬರು ಕೈಗೆ ತೆಗೆದುಕೊಂಡಿದ್ದರು. ರೈನಿಸ್ ಲಾಟ್ವಿಯನ್ ಸಾಹಿತ್ಯದ ಅತಿ ದೊಡ್ಡ ಹೆಸರುಗಳಲ್ಲೊಂದು. ಅವರ ನಾಟಕ ‘ಉಗುನ್ಸ್ ಉನ್ ನಕ್ತ್ಸ್’ 1905ರಲ್ಲಿ ಬಂತು. ಉಗುನ್ಸ್ ಅಂದರೆ ಬೆಂಕಿ ಅಂತ ಆಗಲೇ ಹೇಳಿದೆ. ನಕ್ತ್ಸ್ ಅಂದರೆ ರಾತ್ರಿ. ರಾಕ್ಷಸರಿಗೆ ನಾವು ನಕ್ತಂಚರ ಅನ್ನುತ್ತೇವಲ್ಲ, ಆ ನಕ್ತವೇ ಇದು. ‘ಉನ್’ ಅಂದರೆ ಮತ್ತು. ಲಾಟ್ವಿಯನ್ ಒಂದಕ್ಷರ ಬಾರದಿದ್ದರೂ ಕನ್ನಡದವರು ಅರ್ಧಂಬರ್ಧ ಊಹಿಸಬಹುದಾದ ಶೀರ್ಷಿಕೆ.

ಪುಂಪುರ್ಸ್‌ರ ಕಾವ್ಯದಲ್ಲಿ ಸ್ಪೀದಲಾ ಕೆಟ್ಟವಳು, ಆಮೇಲೆ ಒಳ್ಳೆಯವಳಾದವಳು, ಅಷ್ಟೇ. ರೈನಿಸ್ ಅವಳ ಹೆಸರನ್ನು ಸ್ಪೀದೊಲಾ ಮಾಡಿ, ನಾಟಕದ ನಡುವೆ ತಂದು ನಿಲ್ಲಿಸಿದರು. ಇಲ್ಲಿ ಅವಳು ಬುದ್ಧಿ, ಬೆಂಕಿ, ಬದಲಾವಣೆ. ಬಲವೊಂದನ್ನೇ ನಂಬಿದ ವೀರ ಹಳೆಯದಕ್ಕೆ ಅಂಟಿಕೊಂಡು ಕೂರುತ್ತಾನೆ, ಅವನನ್ನು ಅಲುಗಾಡಿಸಿ ಮುಂದಕ್ಕೆ ತಳ್ಳುವವಳು ಅವಳು. 1905 ಅಂದರೆ ರಷ್ಯಾದ ಸಾಮ್ರಾಜ್ಯದಲ್ಲೆಲ್ಲ ಕ್ರಾಂತಿ ಎದ್ದ ವರ್ಷ. ಅದೇ ವರ್ಷದ ಕೊನೆಗೆ ರೈನಿಸ್ ದೇಶ ಬಿಟ್ಟು ಸ್ವಿಟ್ಜರ್‌ಲೆಂಡಿಗೆ ಹೋಗಬೇಕಾಯಿತು. 1920ರಲ್ಲಿ ಮರಳಿದರು. ನಾಟಕ 1911ರಲ್ಲಿ ರಿಗಾದಲ್ಲಿ ರಂಗಕ್ಕೆ ಬಂತು. ಆಮೇಲೆ ಒಪೆರಾ ಆಯಿತು. 1930ರಲ್ಲಿ ಲಾಚ್‌ಪ್ಲೇಸಿಸ್ ಹೆಸರಿನ ಮೂಕಿ ಚಿತ್ರವೂ ಬಂತು. ಅದು ಹಳೇ ಕಥೆಯನ್ನೂ ಸ್ವಾತಂತ್ರ್ಯದ ಹೋರಾಟವನ್ನೂ ಹೆಣೆಯುತ್ತದೆ.

ನದಿಗೆ ಅಣೆಕಟ್ಟು

1940ರಲ್ಲಿ ಸೋವಿಯತ್ ಒಕ್ಕೂಟ ಲಾಟ್ವಿಯಾವನ್ನು ನುಂಗಿತು. ನಡುವೆ ಜರ್ಮನ್ನರು ಬಂದು ಹೋದರು, ಸೋವಿಯತ್ತರು ಮತ್ತೆ ಬಂದರು. ನವೆಂಬರ್ 11ರ ಆಚರಣೆ ನಿಂತಿತು. ಸ್ಮಾರಕಕ್ಕೆ ಹೂವಿಟ್ಟರೆ ಸೈಬೀರಿಯಾಕ್ಕೆ ಟಿಕೆಟ್ ಸಿಗುತ್ತದೆ, ಅದೊಂದು ಟ್ರಾವೆಲ್ ಏಜೆನ್ಸಿ ಅಂತ ಜನ ಮೆಲ್ಲಗೆ ಜೋಕ್ ಮಾಡುತ್ತಿದ್ದರು.

ಕಾವ್ಯವನ್ನು ಮಾತ್ರ ಸೋವಿಯತ್ ಸರ್ಕಾರ ನಿಷೇಧಿಸಲಿಲ್ಲ. ಜರ್ಮನ್ ಒಡೆಯರ ವಿರುದ್ಧ ಜನಸಾಮಾನ್ಯರ ಹೋರಾಟ ಅಂತ ಓದಿಕೊಂಡರೆ ಅದು ಅವರಿಗೂ ಹಿತವೇ. ಲಿಯೆಲ್‌ವಾರ್ದೆ ಬಳಿಯ ಒಂದು ಸಾಮೂಹಿಕ ಬೇಸಾಯ ಕ್ಷೇತ್ರಕ್ಕೆ ಲಾಚ್‌ಪ್ಲೇಸಿಸ್ ಅಂತಲೇ ಹೆಸರಿತ್ತು. ಕಪ್ಪು ಸವಾರ ಯಾರು ಅನ್ನುವುದನ್ನು ಓದುವವರು ತಮ್ಮತಮ್ಮಲ್ಲೇ ಅಂದುಕೊಳ್ಳಬಹುದಿತ್ತು.

ಪೆಟ್ಟು ಬಿದ್ದದ್ದು ನದಿಗೆ. ಸ್ತಾಬುರಾಗ್ಸ್ ಬಂಡೆ ನೆನಪಿದೆಯಲ್ಲ, ವೀರನನ್ನು ಉಳಿಸಿದ ದೇವತೆಯ ಮನೆ? ಅದು ನಿಜವಾಗಿಯೂ ಇದ್ದ ಸುಣ್ಣದ ಬಂಡೆ. ಹತ್ತಾರು ಅಡಿ ಎತ್ತರ. ಮೈಮೇಲಿನಿಂದ ಸದಾ ನೀರು ತೊಟ್ಟಿಕ್ಕುತ್ತಿದ್ದರಿಂದ ‘ಅಳುವ ಬಂಡೆ’ ಎನ್ನುತ್ತಿದ್ದರು. 1950ರ ದಶಕದ ಕೊನೆಗೆ ದೌಗವಾಕ್ಕೆ ಪ್ಲ್ಯಾವಿನ್ಯಾಸ್ ಜಲವಿದ್ಯುತ್ ಯೋಜನೆ ಬಂತು. ಬಂಡೆ ಮುಳುಗುತ್ತದೆ ಅಂತ 1958ರಲ್ಲಿ ಪತ್ರಿಕೆಗಳಲ್ಲಿ ಬರೆದವರಿದ್ದರು, ಸಹಿ ಹಾಕಿದವರಿದ್ದರು. ಆ ದಿನಗಳಲ್ಲಿ ಹಾಗೆ ಬಾಯಿಬಿಡುವುದು ಸಣ್ಣ ಮಾತಲ್ಲ. ಪ್ರಯೋಜನವಾಗಲಿಲ್ಲ. 1960ರ ದಶಕದ ನಡುವಿನಲ್ಲಿ ಜಲಾಶಯ ತುಂಬಿತು, ಬಂಡೆ ಮುಳುಗಿತು. ಗುಡ್ಡದ ಮೇಲಿದ್ದ ಕೊಕ್ನೆಸೆ ಕೋಟೆಯ ಅವಶೇಷದ ಬುಡಕ್ಕೇ ಈಗ ನೀರು ತಾಗುತ್ತದೆ. ಮುಳುಗಿದ ಊರು, ಮುಳುಗಿದ ಗುಡಿ ಅಂದರೇನು ಅಂತ ಶರಾವತಿ ಹಿನ್ನೀರಿನ ಕಡೆಯವರಿಗೆ ನಾನು ಹೇಳಬೇಕಿಲ್ಲ.

1986ರಲ್ಲಿ ಇದೇ ನದಿಗೆ ಇನ್ನೊಂದು ಅಣೆಕಟ್ಟು ಬರುವುದಿತ್ತು, ದೌಗವ್‌ಪಿಲ್ಸ್ ಹತ್ತಿರ. ಈ ಸಲ ಡೈನಿಸ್ ಈವಾನ್ಸ್, ಆರ್ತುರ್ಸ್ ಸ್ನಿಪ್ಸ್ ಎಂಬಿಬ್ಬರು ಪತ್ರಿಕೆಯಲ್ಲಿ ಲೇಖನ ಬರೆದರು. ಓದಿದವರು ಸಾವಿರಗಟ್ಟಲೆ ಪತ್ರ ಬರೆದರು. 1987ರಲ್ಲಿ ಮಾಸ್ಕೋ ಯೋಜನೆಯನ್ನು ಕೈಬಿಟ್ಟಿತು. ಅಷ್ಟು ದೊಡ್ಡ ಸರ್ಕಾರವನ್ನೂ ಹಿಂದೆ ಸರಿಸಬಹುದು ಅಂತ ಜನಕ್ಕೆ ಗೊತ್ತಾದದ್ದು ಹೀಗೆ. 1988ರ ಅಕ್ಟೋಬರ್‌ನಲ್ಲಿ ಸ್ವಾತಂತ್ರ್ಯದ ಚಳವಳಿಗೆ ‘ಜನರಂಗ’ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷ ಇದೇ ಈವಾನ್ಸ್.

ಅದೇ 1988 ಕಾವ್ಯಕ್ಕೆ ನೂರು ತುಂಬಿದ ವರ್ಷ. ಆಗಸ್ಟ್ 23ರಂದು ರಿಗಾದ ಕ್ರೀಡಾಂಗಣವೊಂದರಲ್ಲಿ ‘ಲಾಚ್‌ಪ್ಲೇಸಿಸ್’ ರಾಕ್ ಒಪೆರಾ ಮೊದಲ ಬಾರಿ ಆಡಿದರು. ಸಂಗೀತ ಜಿಗ್ಮಾರ್ಸ್ ಲಿಯೆಪಿನ್ಯಾಶ್ ಅವರದು, ಸಾಹಿತ್ಯ ಕವಯಿತ್ರಿ ಮಾರಾ ಜಾಲೀತೆಯವರದು. ಎಲೆಕ್ಟ್ರಿಕ್ ಗಿಟಾರ್, ಡ್ರಮ್ಸ್ ಜೊತೆಗೆ ಕರಡಿ ಕಿವಿಯ ವೀರ. ತಾರೀಕೂ ಭಾರಿಯೇ: 1939ರ ಆಗಸ್ಟ್ 23ರಂದು ಹಿಟ್ಲರ್, ಸ್ಟಾಲಿನ್ ಸರ್ಕಾರಗಳು ಗುಟ್ಟಾಗಿ ಪೂರ್ವ ಯುರೋಪನ್ನು ಹಂಚಿಕೊಂಡಿದ್ದವು. ಸರಿಯಾಗಿ ಒಂದು ವರ್ಷದ ಮೇಲೆ, 1989ರ ಆಗಸ್ಟ್ 23ಕ್ಕೆ, ಬಾಲ್ಟಿಕ್‌ನ ಮೂರೂ ದೇಶದ ಜನ 600 ಕಿಲೋಮೀಟರ್‌ಗೂ ಹೆಚ್ಚು ಉದ್ದಕ್ಕೆ ಕೈ ಕೈ ಹಿಡಿದು ನಿಂತರು. 1991ರಲ್ಲಿ ಲಾಟ್ವಿಯಾ ಮತ್ತೆ ಸ್ವತಂತ್ರವಾಯಿತು. ಕೋಟೆಯ ಗೋಡೆಗೆ ದೀಪಗಳೂ ಬಂದವು.

ಈಗ ಎಲ್ಲಿ ಸಿಗುತ್ತಾನೆ?

ರಿಗಾದಲ್ಲಿ ದೌಗವಾ ದಂಡೆಯ ರಸ್ತೆಯ ಹೆಸರೇ ‘ನವೆಂಬರ್ 11ರ ದಂಡೆ’. ಅಲ್ಲಿ ನಿಂತು ಆಚೆ ದಡ ನೋಡಿದರೆ ಗಾಜಿನ ಗುಡ್ಡದ ಹಾಗೆ ಮೇಲೇರಿದ ಕಟ್ಟಡವೊಂದು ಕಾಣುತ್ತದೆ. ಅದು ರಾಷ್ಟ್ರೀಯ ಗ್ರಂಥಾಲಯ. ಜನ ಅದನ್ನು ‘ಬೆಳಕಿನ ಕೋಟೆ’ ಅನ್ನುತ್ತಾರೆ. ನೀರಿನಿಂದಲೋ ನೆಲದಿಂದಲೋ ಮತ್ತೆ ಮೇಲೆದ್ದು ಬರುವ ಕೋಟೆ ಆ ನಾಡಿನ ಹಳೇ ಕನಸು, ಲಾಚ್‌ಪ್ಲೇಸಿಸ್ ಶಾಪ ಬಿಡಿಸಿದ್ದೂ ಅಂಥದ್ದೇ ಕೋಟೆಯದು. ಬರೋನ್ಸ್ ಅವರ ಹಾಡಿನ ಬೀರು ಈಗ ಇರುವುದು ಇಲ್ಲಿ. 2014ರ ಜನವರಿ 18ರಂದು, ಕೊರೆಯುವ ಚಳಿಯಲ್ಲಿ, ಸುಮಾರು 14 ಸಾವಿರ ಜನ ಸಾಲಾಗಿ ನಿಂತು ಹಳೇ ಗ್ರಂಥಾಲಯದ ಪುಸ್ತಕಗಳನ್ನು ಕೈಯಿಂದ ಕೈಗೆ ದಾಟಿಸಿ, ನದಿಯ ಮೇಲಿನ ಸೇತುವೆ ಹಾಯಿಸಿ ಇಲ್ಲಿಗೆ ತಂದರು.

ರಿಗಾದಿಂದ ನದಿ ಬರುವ ದಿಕ್ಕಿಗೆ ಸುಮಾರು 50 ಕಿಲೋಮೀಟರ್ ಹೋದರೆ ಲಿಯೆಲ್‌ವಾರ್ದೆ. ಹಳೇ ಕೋಟೆಯ ಗೋಡೆ ಒಂದಿಷ್ಟು ಉಳಿದಿದೆ. ಪಕ್ಕದಲ್ಲಿ ಪುಂಪುರ್ಸ್ ಮ್ಯೂಸಿಯಂ. ವೀರ ಮತ್ತು ಕಪ್ಪು ಸವಾರ ಉರುಳಿದ ನದಿ ಈಗ ಕೇಗುಮ್ಸ್ ಅಣೆಕಟ್ಟಿನ ಹಿನ್ನೀರು. ಅಗಲ, ಶಾಂತ, ಸುಳಿಯಿಲ್ಲ. ಮ್ಯೂಸಿಯಂ ಬಳಿ ಎರಡು ದೊಡ್ಡ ಕಲ್ಲುಗಳಿವೆ. ಒಂದನ್ನು ಲಾಚ್‌ಪ್ಲೇಸಿಸ್‌ನ ಹಾಸಿಗೆ, ಇನ್ನೊಂದನ್ನು ಅವನ ಹೊದಿಕೆ ಅಂತ ತೋರಿಸುತ್ತಾರೆ. ಮಕ್ಕಳು ಹತ್ತಿ ಮಲಗಿ ಫೋಟೋ ತೆಗೆಸಿಕೊಳ್ಳುತ್ತಾರೆ. ಹಾಸಿಗೆಯ ಯಜಮಾನ ಇನ್ನೂ ನೀರಿನಿಂದ ಎದ್ದು ಬಂದಿಲ್ಲ.